ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯ

ಕಿಟಕಿಯ ಗಾಜಿನ ಮೇಲೆ ಒಂದು ಹೆಬ್ಬೆಟ್ಟಿನ ಗುರುತು, ಯಾರದ್ದೋ, ಚಿಪ್ಸ್ ತಿಂದ ಕೈಯದ್ದಿರಬೇಕು, ಅದರೊಳಗಿನಿಂದಲೇ ರಿಚ್‌ಲ್ಯಾಂಡ್ಸ್ ಸ್ಟೇಷನ್ನು ಹಿಂದಕ್ಕೆ ಓಡುತ್ತಿದೆ — ಶಿವಮ್ಮ ಸೆರಗಿನ ತುದಿಯನ್ನು ಗಾಜಿನವರೆಗೂ ಒಯ್ದವಳು ಅಲ್ಲೇ ತಡೆದಳು, ಬೇಡ, ಒರೆಸುವುದು ಬೇಡ, ಈ ಹಾಳು ಕೈಗೆ ಕಂಡಿದ್ದನ್ನೆಲ್ಲ ಒರೆಸುವ, ತಿಕ್ಕುವ, ತೊಳೆಯುವ ಚಟ, ಅರವತ್ತೆಂಟು ವರ್ಷದಿಂದ ಅದೇ ಕೆಲಸ, ಇರಲಿ ಬಿಡು ಆ ಬೆರಳು ಅಲ್ಲೇ — ಪರ್ಸಿನ ಜಿಪ್ಪು ತೆಗೆದು ಇನ್ನೊಮ್ಮೆ ನೋಡಿದಳು, ಇದೆ, ಕರ್ಚೀಫಿನ ಗಂಟಿನಲ್ಲಿ ಭದ್ರವಾಗಿದೆ, ಇಲ್ಲಿನ ಹತ್ತು ಸೆಂಟಿನಷ್ಟೇ ಗಾತ್ರ, ಚಿಲ್ಲರೆಯ ಜೊತೆ ಸೇರಿಬಿಟ್ಟರೆ ಯಾವ ಅಂಗಡಿಯವನಿಗೋ ಕೊಟ್ಟುಬಿಟ್ಟೇನು, ಆಮೇಲೆ ಟೂವಾಂಗಿನಲ್ಲಿ ಆ ಹುಡುಗಿಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ಈಗ ಇರುವ ಮುಖವಾದರೂ ಎಂಥದ್ದು. ಅಮೆರಿಕದ ಕಾಲು ಡಾಲರು, ನಾಲ್ಕು ವರ್ಷ, ವರ್ಷಕ್ಕೆ ಐದರಂತೆ ಇಪ್ಪತ್ತು ಹೆಂಗಸರನ್ನು ನಾಣ್ಯದ ಮೇಲೆ ಅಚ್ಚು ಹಾಕಿದರಂತೆ, ಮೊಮ್ಮಗಳು ನಿಸರ್ಗ ಒಂದೊಂದನ್ನೂ ತೋರಿಸಿ ಹೇಳಿಕೊಟ್ಟಿದ್ದಳು, ಅಜ್ಜಿ ಇವ್ಳು ಪೈಲಟ್, ಇವ್ಳು ಸ್ಪೇಸ್‌ಗೆ ಹೋಗಿದ್ಲು, ಇವ್ಳು ಡಾನ್ಸರ್, ನೋಡು ಹೇಗೆ ಹಾರ್ತಿದಾಳೆ — ನೀಲಿ ಆಲ್ಬಮ್ಮಿನ ಇಪ್ಪತ್ತು ಕುಳಿಗಳಲ್ಲಿ ಇಪ್ಪತ್ತು ಹೆಂಗಸರು, ಹತ್ತೊಂಬತ್ತು ಜನ ಹೊಳೆಯುತ್ತಿದ್ದರು, ಒಬ್ಬಳು ಮಾತ್ರ ಕಪ್ಪು.

ಆ ಒಬ್ಬಳು ಡಾಕ್ಟರು, ಯುದ್ಧದಲ್ಲಿ ಗಾಯಾಳುಗಳಿಗೆ ಕೈ ಹಚ್ಚಿದವಳು, ಎದೆಯ ಮೇಲೆ ಪದಕ, ಕೈಯಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಪುಟ್ಟ ಪೆಟ್ಟಿಗೆ — ಅಹಲ್ಯಾ ಹೇಳಿದ್ದಲ್ಲವೇ ಅದು, ಸೊಸೆ ಅಹಲ್ಯಾ, ಅಡಿಲೇಡಿನ ಮಾಡ್ಬರಿಯ ಆಸ್ಪತ್ರೆಯ ಮಂಚದ ಮೇಲೆ, ಕೂದಲಿಲ್ಲದ ತಲೆಗೆ ನೂಲಿನ ಟೋಪಿ, ಅತ್ತೆ, ನೋಡಿ ಇವ್ಳನ್ನ, ಇವ್ಳೂ ಡಾಕ್ಟ್ರೇ, ಪ್ಯಾಂಟ್ ಹಾಕ್ಕೊಂಡ್ಳು ಅಂತ ಪೊಲೀಸ್ರು ಹಿಡ್ಕೊಂಡು ಹೋಗಿದ್ರಂತೆ, ಪುಣ್ಯಕ್ಕೆ ನೀವು ಬರೀ ಬೈದ್ರಿ — ಎಂದು ನಕ್ಕು ನಾಣ್ಯವನ್ನು ಅಂಗೈಯಲ್ಲಿಟ್ಟು ಚಾಚಿದಳು, ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು, ಶಿವಮ್ಮ ಏನಂದಳು, ಮೊದ್ಲು ಗಂಜಿ ಕುಡಿ, ಆರೋಗ್ತದೆ. ಅಷ್ಟೇ. ಕೈಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು, ನಕ್ಕಿದ್ದರೆ ಏನು ಹಲ್ಲು ಉದುರುತ್ತಿತ್ತು, ಆದರೆ ಆ ನಾಣ್ಯಗಳು ಅಂದರೇ ಆಗುತ್ತಿರಲಿಲ್ಲ ಶಿವಮ್ಮನಿಗೆ, ಅವು ಪರ್ತ್‌ನಿಂದ ಬರುತ್ತಿದ್ದವಲ್ಲ. ಎರಡು ವರ್ಷ ಅಹಲ್ಯಾ ಪರ್ತ್‌ನಲ್ಲಿ ಓದಿದ್ದು, ಸ್ಪೆಷಲಿಸ್ಟ್ ಆಗುವುದಕ್ಕೆ, ಹದಿನಾಲ್ಕರ ಮಗಳನ್ನು ಅಡಿಲೇಡಿನಲ್ಲಿ ಗಂಡನ ಕೈಗೆ, ಅತ್ತೆಯ ಕೈಗೆ ಬಿಟ್ಟು, ಹದಿನೈದು ದಿನಕ್ಕೊಮ್ಮೆ ವಿಮಾನ ಇಳಿದು ಬರುವಾಗ ಎಷ್ಟೋ ಸಲ ಒಂದು ನಾಣ್ಯ, ಜೊತೆಯ ಡಾಕ್ಟರು ಕವನಾ, ಅಮೆರಿಕದಲ್ಲಿರುವ ತನ್ನ ಅಕ್ಕನ ಮನೆಗೆ ಹೋಗಿಬರುವಾಗೆಲ್ಲ ತಂದುಕೊಡುತ್ತಿದ್ದಳಂತೆ, ಮಗಳು ಬಾಗಿಲಲ್ಲೇ ಅಮ್ಮನ ಜೇಬಿಗೆ ಕೈ ಹಾಕುವಳು, ಇಬ್ಬರೂ ನೆಲದ ಮೇಲೆ ಕೂತು ಆಲ್ಬಮ್ಮು ಬಿಡಿಸುವರು, ಹದಿನೈದು ದಿನ ತಲೆಗೆ ಎಣ್ಣೆ ಹಾಕಿ, ಡಬ್ಬಿ ಕಟ್ಟಿ, ಜ್ವರ ಬಂದರೆ ಕೂತು ನೋಡಿದವಳು ಒಲೆಯ ಹತ್ತಿರ ನಿಂತಿರುವಳು — ಹೆತ್ತ ಮಗೀನ ಬಿಟ್ಟು ಹೋಗೋವಂಥ ಅದ್ಯಾವ ಸೀಮೆ ಓದಮ್ಮ ನಿಂದು, ಅಂದಿದ್ದಳು ಒಂದು ದಿನ, ನಿಸರ್ಗಳ ಎದುರಿಗೇ. ಅಹಲ್ಯಾ ಷೂ ಹಾಕಿಕೊಂಡು ಏರ್‌ಪೋರ್ಟಿಗೆ ಹೊರಟಳು, ಆ ಸಲ ತಂದಿದ್ದ ಡಾಕ್ಟರ ನಾಣ್ಯವನ್ನು ಮಾತ್ರ ಮಗಳಿಗೆ ಕೊಡಲಿಲ್ಲ, ಇದು ನಂಗಿರ್ಲಿ ಪುಟ್ಟ, ಕೋಟಿನ ಜೇಬಲ್ಲಿ ಇಟ್ಕೋತೀನಿ.

ಡ್ಯಾರಾ ದಾಟಿತು. ಎದುರು ಸೀಟಿನ ಹುಡುಗ ಫೋನು ನೋಡುತ್ತ ನಗುತ್ತಿದ್ದಾನೆ, ಎಲ್ಲರಿಗೂ ನಗುವುದಕ್ಕೆ ಏನೋ ಒಂದು ಇರುತ್ತದೆ — ಕೋಟಿನ ಜೇಬಲ್ಲಿ, ಆಮೇಲೆ ಮಂಚದ ಮೇಲೆ, ಹೆಬ್ಬೆರಳು ಆ ನಾಣ್ಯವನ್ನು ಉಜ್ಜುತ್ತಲೇ ಇತ್ತು, ನೋವು ಬಂದಾಗ ಜೋರಾಗಿ, ಮಾತ್ರೆ ಹತ್ತಿದಾಗ ಮೆಲ್ಲಗೆ, ಬೆವರು, ಎಣ್ಣೆ, ಬೆರಳಿನ ಕೊಳೆ ಗೆರೆಗೆರೆಯೊಳಗೂ ಕೂತು ಆ ಹೆಂಗಸಿನ ಮುಖ ಕಪ್ಪಾಯಿತು. ಅಹಲ್ಯಾ ಹೋದಳು. ಮಗ ತೇಜಸ ಮಾಡ್ಬರಿಯಲ್ಲಿ ಇರಲಾರೆ ಅಂದ, ಬ್ರಿಸ್ಬೇನಿಗೆ ಬಂದದ್ದಾಯಿತು, ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ಹೊಸ ಮನೆ, ಹೊಸ ಬಾಗಿಲು, ಎಲ್ಲ ಹೊಸದು, ನಿಸರ್ಗ ಆ ಕಪ್ಪು ನಾಣ್ಯವನ್ನು ಇಪ್ಪತ್ತನೆಯ ಕುಳಿಯಲ್ಲಿ ಇಟ್ಟಳು, ದಿನಾ ಮಲಗುವ ಮುಂಚೆ ತೆಗೆದು ತನ್ನ ಹೆಬ್ಬೆರಳನ್ನು ಅದರ ಮೇಲೊಮ್ಮೆ ಇಡುವಳು, ಉಜ್ಜುವುದಿಲ್ಲ, ಸುಮ್ಮನೆ ಇಡುವುದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಶಿವಮ್ಮ ದೀಪದ ಕಂಬ, ಕಳಶದ ಚೊಂಬು, ಗಂಟೆ ಎಲ್ಲ ಸಿಂಕಿಗೆ ಹಾಕಿ ಹುಣಸೆಹಣ್ಣು ಕಿವುಚಿ ತಿಕ್ಕುತ್ತಿದ್ದಳು, ಕಳಶದ ಮುಂದೆ ಇಪ್ಪತ್ತು ಹೆಂಗಸರನ್ನೂ ಇಟ್ಟು ಕುಂಕುಮ ಹಚ್ಚೋಣ, ಲಕ್ಷ್ಮಿಯರೇ ತಾನೇ, ಮಗುವಿಗೂ ಖುಷಿ — ಆ ಒಂದು ನಾಣ್ಯವೂ ಸಿಂಕಿಗೆ ಬಂತು, ಹುಣಸೆ, ಒಂದು ಚಿಟಿಕೆ ಉಪ್ಪು, ಹೆಬ್ಬೆರಳು, ತಿಕ್ಕಿದಂತೆಲ್ಲ ಕಪ್ಪು ನೀರು, ಸಿಂಕಿನ ತೂತಿನ ಸುತ್ತ ಒಂದು ಸುತ್ತು ತಿರುಗಿ ಇಳಿದು ಹೋಯಿತು, ನಾಣ್ಯ ಬೆಳ್ಳಿಯ ಹಾಗೆ ಫಳಫಳ. ನಿಸರ್ಗ ಯೂನಿವರ್ಸಿಟಿಯಿಂದ ಬಂದು ನೋಡಿದಳು. ಕಿರುಚಲಿಲ್ಲ, ಅಳಲಿಲ್ಲ, ಅದು ಅಮ್ಮನ ಕೈ ಆಗಿತ್ತು ಅಜ್ಜಿ, ಅಷ್ಟೇ ಅಂದಳು. ಸಿಂಕಿನೊಳಗೆ ಬೆರಳಾಡಿಸಿ ನೋಡಿದಳು, ಅಲ್ಲಿ ಇನ್ನೂ ಏನೋ ಉಳಿದಿದೆ ಎಂಬಂತೆ. ವಾರದೊಳಗೆ ಟೂವಾಂಗಿನಲ್ಲಿ ಗೆಳತಿ ಭಾವನಾ ಜೊತೆ ರೂಮು ಮಾಡಿದಳು, ಆಲ್ಬಮ್ಮು ತೆಗೆದುಕೊಂಡು ಹೋದಳು, ತೊಳೆದ ನಾಣ್ಯ ದೇವರ ಮುಂದೆಯೇ ಉಳಿಯಿತು.

ಎರಡು ತಿಂಗಳು. ಅಜ್ಜಿಗೇನು ಗೊತ್ತಿತ್ತು ಪುಟ್ಟ, ಪೂಜೆಗೆ ಅಂತ ತೊಳೆದಿದಾಳೆ, ವಯಸ್ಸಾದೋರು — ತೇಜಸ ಫೋನಿನಲ್ಲಿ ಹೇಳುವುದು ಅಡಿಗೆಮನೆಗೆ ಕೇಳಿಸುತ್ತಿತ್ತು, ಶಿವಮ್ಮ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು. ನಿನ್ನೆ ನಿಸರ್ಗಳೇ ಫೋನು ಮಾಡಿದಳು, ಅಜ್ಜಿ ಅದನ್ನ ತಗೊಂಡು ಬರ್ತೀಯಾ, ನಾನು ಸ್ಟೇಷನ್‌ಗೆ ಬರ್ತೀನಿ — ಹೊಳೆ ಬಂತು, ಸೇತುವೆಯ ಕೆಳಗೆ ಕಂದು ನೀರು, ಅಗಲಕ್ಕೆ, ಯಾವ ಆತುರವೂ ಇಲ್ಲದೆ ಹೋಗುತ್ತಿದೆ, ಸಿಂಕಿನ ನೀರೂ ಎಲ್ಲಿಗಾದರೂ ಹೋಗಿರಬೇಕಲ್ಲ, ಇಲ್ಲಿಗೋ, ಸಮುದ್ರಕ್ಕೋ — ಗೊತ್ತಿರಲಿಲ್ಲವೇ ಶಿವಮ್ಮ, ನಿಜ ಹೇಳು, ಯಾರೂ ಕೇಳುತ್ತಿಲ್ಲ, ಈ ಬೋಗಿಯಲ್ಲಿ ಕನ್ನಡ ಬಲ್ಲ ನರಪಿಳ್ಳೆ ಇಲ್ಲ — ಹತ್ತೊಂಬತ್ತು ನಾಣ್ಯಗಳನ್ನು ಕುಳಿಯಿಂದ ತೆಗೆಯಲೇ ಇಲ್ಲವಲ್ಲ ನೀನು, ಅದೊಂದನ್ನೇ ತೆಗೆದೆ, ಯಾರ ಬೆರಳು ಅದು ಅಂತ ಗೊತ್ತಿದ್ದೇ ತೆಗೆದೆ, ಆಲ್ಬಮ್ಮು ಬಿಡಿಸಿದಾಗೆಲ್ಲ ಆ ಕಪ್ಪು ಮುಖ ನಿನ್ನನ್ನೇ ನೋಡುತ್ತಿತ್ತು, ಚಾಚಿದ ಕೈ ಹಾಗೇ ಇದೆ ಅತ್ತೆ ಅನ್ನುತ್ತಿತ್ತು, ಅದನ್ನು ಸಹಿಸಲಾಗಲಿಲ್ಲ, ತೊಳೆದುಹಾಕಿದೆ, ದೇವರ ಹೆಸರು ಆಮೇಲೆ ಹೇಳಿಕೊಂಡೆ. ಇಂಡೂರೂಪಿಲಿ. ಟರಿಂಗಾ. ಟೂವಾಂಗ್, ಇಳಿಯಬೇಕು, ಮಂಡಿ ಹಿಡಿದುಕೊಂಡಿದೆ, ಬಾಗಿಲು ತೆರೆದಿದೆ, ಪ್ಲಾಟ್‌ಫಾರಂ ಮೇಲೆ ನಿಸರ್ಗ, ಸೊರಗಿದ್ದಾಳೆ ಹುಡುಗಿ, ಊಟ ಸರಿ ಇಲ್ಲ, ಅಹಲ್ಯಾಳದೇ ಕುತ್ತಿಗೆ, ಶಿವಮ್ಮ ಇಳಿದು ಕರ್ಚೀಫನ್ನು ಅವಳ ಕೈಗಿಟ್ಟಳು, ನಿಸರ್ಗ ಬಾಗಿ ಗಂಟು ಬಿಚ್ಚಿದಳು, ನಾಣ್ಯವನ್ನು ಅಂಗೈಯಲ್ಲಿಟ್ಟು ಅದರ ಮೇಲೆ ಹೆಬ್ಬೆರಳಿಟ್ಟಳು, ಇಟ್ಟು ಉಜ್ಜಿದಳು, ಮೆಲ್ಲಗೆ, ಹೊಸದಾಗಿ ಕಪ್ಪು ಮಾಡುವವಳ ಹಾಗೆ, ಬಿಡಜ್ಜಿ, ಇಟ್ಸ್ ಓಕೆ, ನಿಂಗೆ ಗೊತ್ತಿರ್ಲಿಲ್ವಲ್ಲ, ಬಾ ಮನೇಗೆ — ಹೌದು ಅಂದುಬಿಡು, ತಲೆ ಆಡಿಸಿಬಿಡು, ಮೊಮ್ಮಗಳು ಸಿಕ್ಕಿಬಿಡುತ್ತಾಳೆ, ಇಷ್ಟೇ ಸಾಕು, ಇನ್ನೆಷ್ಟು ವರ್ಷ ಇರುತ್ತೀ — ಗೊತ್ತಿತ್ತು ಕಣೆ, ಅಂದಳು ಶಿವಮ್ಮ. ರೈಲು ಹೊರಟಿತು. ಹೆಬ್ಬೆರಳು ನಾಣ್ಯದ ಮೇಲೆ ನಿಂತುಬಿಟ್ಟಿತು, ಹುಡುಗಿ ತಲೆ ಎತ್ತುತ್ತಿಲ್ಲ, ಎತ್ತಿದರೆ ಏನು ಕಾಣಬೇಕೋ, ಎತ್ತದಿದ್ದರೆ — ಕಪ್ಪು ನೀರು, ಸಿಂಕಿನ ತೂತಿನ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು, ಇಳಿಯುತ್ತಿಲ್ಲ.