ಅಕ್ಕನನ್ನು ಕೇಳದೆ ಕಟ್ಟಿದ ಗಾಡಿ

ಮನೆಯಲ್ಲಿ ಒಬ್ಬರ ಕಾಲು ನಿಂತುಹೋದರೆ ಉಳಿದವರೆಲ್ಲ ಅವರ ಪರವಾಗಿ ಮಾತಾಡಲು ಶುರುಮಾಡುತ್ತಾರೆ. ಅವಳಿಗೆ ಚಳಿ ಆಗುತ್ತೆ, ಅವಳಿಗೆ ಇದು ಸೇರಲ್ಲ, ಅವಳಿಗೆ ಸುಸ್ತಾಗಿದೆ. ಪಕ್ಕದಲ್ಲೇ ಕೂತವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಬೀದಿಯ ಅಕ್ಕನಿಗೆ ಆದದ್ದೂ ಇದೇ.

ಈ ಅಕ್ಕ ಡ್ರೈವರ್. ಅವಳದು ಎತ್ತರದ ಕ್ಯಾಂಪರ್ ಗಾಡಿ. ನಾಲ್ಕೂ ಚಕ್ರ ಎಳೆಯುತ್ತವೆ, ಒಳಗೇ ಮಂಚ, ಒಲೆ, ನೀರಿನ ಟ್ಯಾಂಕು. ರಸ್ತೆ ಮುಗಿದ ಮೇಲೂ ಹೋಗುವ ಗಾಡಿ. ಪ್ರವಾಸಿಗಳನ್ನು ಕೂರಿಸಿಕೊಂಡು ಕಲ್ಲು, ಮರಳು, ಹಳ್ಳ ಎನ್ನದೆ ಗುಡ್ಡ ಹತ್ತಿಸುತ್ತಿದ್ದಳು. ಒಂದು ಸಲ ಗಾಡಿಯ ಮೇಲೆ ಹತ್ತಿ ಸಾಮಾನು ಕಟ್ಟುತ್ತಿದ್ದಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮನೆಗೆ ಗಾಲಿಕುರ್ಚಿ ಬಂತು, ಗಾಡಿ ಶೆಡ್ಡು ಸೇರಿತು. ಆದರೆ ತೋಳು ಗಟ್ಟಿಯಾಗಿದ್ದವು. ಮಂಚದಿಂದ ಕುರ್ಚಿಗೆ ತಾನೇ ದಾಟಿಕೊಳ್ಳುತ್ತಿದ್ದಳು.

ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿ ಮೇಡಂ ಹತ್ತಿರ ಅವಳು ಹೇಳಿಕೊಂಡದ್ದು ಒಂದೇ ಆಸೆ. "ಮೇಡಂ, ನಾನು ಮತ್ತೆ ಗಾಡಿ ಓಡಿಸ್ಬೇಕು."

"ಓಡಿಸ್ಬಹುದು," ಎಂದರು ಮೇಡಂ. "ಬ್ರೇಕು, ಆಕ್ಸಿಲರೇಟರು ಕೈಯಲ್ಲೇ ಒತ್ತೋ ಹಾಗೆ ಕೂರಿಸ್ತಾರೆ. ನಿಮ್ಮ ತೋಳಲ್ಲಿ ಶಕ್ತಿ ಇದೆ. ಗೊತ್ತಿರೋರ ಹತ್ರ ಮಾಡಿಸ್ಕೊಳ್ಳಿ."

ಈ ಮಾತು ಅವಳ ತಮ್ಮನ ಕಿವಿಗೂ ಬಿತ್ತು. ತಮ್ಮ ಲಾರಿಗಳಿಗೆ ಬಾಡಿ ಕಟ್ಟುವವನು. ಕಬ್ಬಿಣದ ಕೆಲಸದಲ್ಲಿ ಎತ್ತಿದ ಕೈ, ಹಟದಲ್ಲಿ ಅದಕ್ಕಿಂತ ಒಂದು ಕೈ ಮೇಲು. "ಪಾಪ, ಅವಳಿಗ್ಯಾಕೆ ಓಡ್ಸೋ ಕಷ್ಟ? ನಾನು ಓಡಿಸ್ತೀನಿ. ಅವಳು ಹಿಂದೆ ಹಾಯಾಗಿ ಕೂತಿರ್ಲಿ," ಎಂದು ತಾನೇ ತೀರ್ಮಾನಿಸಿದ. ಅವಳಿಗೆ ಹೇಳದೆ ಮಾಡಿ ಖುಷಿಪಡಿಸಬೇಕೆಂಬ ಹುಮ್ಮಸ್ಸು ಬೇರೆ. ಅವಳು ಮಧ್ಯಾಹ್ನ ಮಲಗಿದ್ದಾಗ ಖಾಲಿ ಕುರ್ಚಿಯನ್ನು ಶೆಡ್ಡಿಗೆ ತಳ್ಳಿಕೊಂಡು ಹೋಗಿ ಅಳತೆ ತೆಗೆದ. ಲಾರಿ ಕಟ್ಟುವವನಿಗೆ ಹೊರೆಯನ್ನು ಮಾತಾಡಿಸುವ ಅಭ್ಯಾಸ ಎಲ್ಲಿಂದ ಬರಬೇಕು?

ಗಾಡಿ ತೋರಿಸಿದ ದಿನ ಬೀದಿಯವರೆಲ್ಲ ಹೋಗಿದ್ದೆವು. ಅದರ ನೆಲ ಎದೆಮಟ್ಟ ಎತ್ತರ, ಹಾಗಾಗಿ ಹತ್ತಿಸಲು ಇಟ್ಟಿದ್ದ ಹಲಗೆ ಏಣಿಯಷ್ಟು ಕಡಿದಾಗಿತ್ತು. ಮೂವರು ಸೇರಿ ಅಕ್ಕನನ್ನು ಮೇಲಕ್ಕೆ ದೂಡಿದರು. ಬಾಗಿಲ ಚೌಕಟ್ಟು ಹಣೆಗೆ ಬಡಿಯಿತು. ಖಾಲಿ ಕುರ್ಚಿಗೆ ತಲೆ ಇರುವುದಿಲ್ಲವಲ್ಲ. ಜಾಗ ಸಾಲದಿದ್ದರೂ ಮಂಚ ಕಡಿಯಲು ಮನಸ್ಸಾಗದೆ ತಮ್ಮ ಕುರ್ಚಿಯನ್ನು ಅಡ್ಡಡ್ಡ ನಿಲ್ಲಿಸಿ ಲಾರಿ ಹಗ್ಗದಿಂದ ಬಿಗಿದ.

ಅಲ್ಲಿಗೆ ಬಂದಿದ್ದ ಮೇಡಂ ಗಾಬರಿಯಾದರು. "ಅಡ್ಡ ಕೂರಿಸ್ಬೇಡಿ. ಕುರ್ಚಿ ಮುಂದಕ್ಕೆ ಮುಖ ಮಾಡಿರ್ಬೇಕು. ಮುಂದೆ ಎರಡು, ಹಿಂದೆ ಎರಡು ಪಟ್ಟಿ ಹಾಕಿ ನೆಲದ ಕೊಂಡಿಗೆ ಬಿಗೀಬೇಕು. ಅಕ್ಕನಿಗೆ ಬೇರೆ ಬೆಲ್ಟು ಬೇಕು, ಸೊಂಟಕ್ಕೂ ಭುಜಕ್ಕೂ. ಅದು ಗಾಡಿಗೆ ಸೇರಿರ್ಬೇಕು, ಕುರ್ಚಿಗಲ್ಲ."

"ನಾನು ಕಟ್ಟಿದ ಕಬ್ಬಿಣದ ಹೊರೆ ಒಂದಿನ ಅಲ್ಲಾಡಿಲ್ಲ ಮೇಡಂ."

"ಕಬ್ಬಿಣಕ್ಕೆ ಮೂಳೆ ಇಲ್ಲಪ್ಪ ಮುರಿಯೋಕೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಅಕ್ಕಂಗೆ ಇಷ್ಟ ಆಗಿದೆ, ನೋಡಿ," ಎಂದ ತಮ್ಮ. ಅಕ್ಕ ವೆಲ್ಡಿಂಗ್ ಕಿಡಿಗೆ ತಮ್ಮನ ಕೈ ಸುಟ್ಟು ಗುಳ್ಳೆ ಎದ್ದಿದ್ದನ್ನು ನೋಡುತ್ತಿದ್ದಳು. ಅದನ್ನು ನೋಡಿದ ಮೇಲೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಅಕ್ಕ ತಮ್ಮ ಅಂದೇ ಗುಡ್ಡದ ಕಡೆ ಹೊರಟರು. ಒಣಗಿದ ಹಳ್ಳ ದಾಟುವಾಗ ಗಾಡಿ ಒಂದು ಮಗ್ಗುಲಿಗೆ ವಾಲಿತು. ಹಗ್ಗ ಕುರ್ಚಿಯನ್ನು ಹಿಡಿದುಕೊಂಡಿತು. ಅಕ್ಕನನ್ನು ಯಾವುದೂ ಹಿಡಿದುಕೊಳ್ಳಲಿಲ್ಲ. ಒಲೆಯ ಕಬ್ಬಿಣದ ಮೂಲೆಗೆ ಬಿದ್ದಳು. ಬಲಭುಜ ಪುಡಿಯಾಯಿತು.

ಆಪರೇಷನ್ ಮಾಡಿದರು. ಮೂಳೆ ಕೂಡಿತು, ತೋಳು ಏಳಲಿಲ್ಲ. ಇನ್ನು ಸ್ಟೀರಿಂಗ್ ಹಿಡಿಯುವ ಆಸೆ ಬಿಡಿ ಎಂದರು ಡಾಕ್ಟರು. ಈಗ ಅವಳಿಗೆ ಮಂಚದಿಂದ ಕುರ್ಚಿಗೆ ಬರಲೂ ಇನ್ನೊಬ್ಬರು ಬೇಕು. ಶೌಚಕ್ಕೆ ಯಾರನ್ನಾದರೂ ಕರೆಯಬೇಕಾಗುತ್ತದಲ್ಲ ಎಂದು ನೀರನ್ನೂ ಅರ್ಧ ಲೋಟ ಕುಡಿದು ಇಡುತ್ತಾಳೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ತಮ್ಮ ಆಮೇಲೆ ಮೇಡಂ ಮನೆ ಬಾಗಿಲಿಗೆ ಹೋಗಿ ನಿಂತ. "ನಿಮ್ಮ ಮಾತು ಕೇಳ್ಬೇಕಿತ್ತು," ಎಂದ.

"ನನ್ನ ಮಾತಲ್ಲ, ನಿಮ್ಮ ಅಕ್ಕನ ಮಾತು," ಎಂದರು ಮೇಡಂ.

ಗಾಲಿಕುರ್ಚಿಗೆ ತಕ್ಕಂತೆ ಗಾಡಿ ಮಾಡುವ ಮೇಸ್ತ್ರಿ ಬಂದ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ನೆತ್ತಿಯಿಂದ ಪಾದದವರೆಗೆ ಅಳೆದ. ಹಲಗೆ ಹೋಗಿ ಲಿಫ್ಟು ಬಂತು, ಮಂಚ ಕಿರಿದಾಯಿತು, ಕೊಂಡಿ, ಪಟ್ಟಿ, ಬೆಲ್ಟು ಎಲ್ಲ ಬಂದವು. "ಲಿಫ್ಟಿನ ಸ್ವಿಚ್ಚು ಎಲ್ಲಿರ್ಬೇಕಮ್ಮಾ?" ಎಂದು ಮೇಸ್ತ್ರಿ ಕೇಳಿದಾಗ ತಮ್ಮ ಬಾಯಿ ತೆರೆದವನು ಮುಚ್ಚಿಕೊಂಡ.

"ಎಡಗಡೆ ಇಡಿ," ಎಂದಳು ಅಕ್ಕ. "ನನಗೆ ಉಳಿದಿರೋದು ಅದೇ."

ಕೆಲಸ ಮುಗಿದ ದಿನ ಅವಳು ತಾನೇ ಸ್ವಿಚ್ಚು ಒತ್ತಿ ಮೇಲೆ ಹೋದಳು. ಹಣೆಗೆ ಏನೂ ತಗುಲಲಿಲ್ಲ. ತಡವರಿಸುತ್ತ ಒಂದೇ ಕೈಯಲ್ಲಿ ಬೆಲ್ಟು ಹಾಕಿಕೊಂಡಳು. ತಮ್ಮ ಸ್ಟೀರಿಂಗ್ ಮುಂದೆ ಕೂತು ಹಿಂದಕ್ಕೆ ತಿರುಗಿ ಕೇಳಿದ. "ಎಲ್ಲ ಸರಿ ಇದ್ಯಾ ಅಕ್ಕಾ?"

"ಎಲ್ಲ ಸರಿ ಇದೆ ಕಣೋ. ನಾನು ಕೇಳಿದ್ದು ನೀನು ಕೂತಿರೋ ಸೀಟು."

ತಮ್ಮ ತಿರುಗಿ ಕೂತ. ನಿಧಾನಕ್ಕೆ ಗಾಡಿ ಹೊರಡಿಸಿದ.

ಓದುತ್ತಿರುವ ಬಂಧುಗಳೇ, ನಿಮ್ಮ ಗಾಡಿಗೆ ಗಾಲಿಕುರ್ಚಿ ಹತ್ತಿಸುವ ಮುಂಚೆ ಅದರಲ್ಲಿ ಕೂರುವವರನ್ನು ಕೇಳಿ. ಎಲ್ಲಿ ಕೂರುತ್ತೀರಿ, ಕೈ ಎಲ್ಲಿಯವರೆಗೆ ಚಾಚುತ್ತದೆ, ನೀವೇ ಓಡಿಸುತ್ತೀರಾ ಎಂದು ಕೇಳಿ. ಅವರನ್ನು ಕೂರಿಸಿಯೇ ಅಳತೆ ತೆಗೆಯಿರಿ. ಹಗ್ಗ ಬೇಡವೇ ಬೇಡ. ಬಲ್ಲವರಿಂದ ಮಾಡಿಸಿ, ಆಗಬೇಕಾದ ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆದೇ ರಸ್ತೆಗಿಳಿಸಿ. ನಮಗೆ ಅವರ ಮೇಲೆ ಪ್ರೀತಿ ಇದೆ, ಅಷ್ಟು ಸಾಕು ಎನ್ನಬೇಡಿ. ಆ ತಮ್ಮನಿಗೂ ಪ್ರೀತಿ ಇತ್ತು. ಇವತ್ತೇ ಕೇಳಿ. ಅವರ ತೋಳಲ್ಲಿ ಶಕ್ತಿ ಇರುವಾಗಲೇ ಕೇಳಿ.