ಏಳೂವರೆಯ ಸುಹಾಸ

"ಆಗೂದಿಲ್ರೀ ಯಕ್ಕಾ. ಈಗ ಎಲ್ಲಾ ಡಿಜಿಟಲ್ ಐತಿ. ಇನ್ನೂರು ಚಾನಲ್ ಒಂದ ವೈರಿನಾಗ ಬರ್ತಾವ. ಅದರಾಗ ಒಂದನ್ನ ಕಿತ್ತಿ ಇಡಾಕ ಬರೂದಿಲ್ಲ," ಎಂದು ಶಿವಲೀಲಾ ಫೋನಿಟ್ಟಳು. ಬೆಳಗಿನಿಂದ ಇದು ಎಂಟನೆಯದೋ ಒಂಬತ್ತನೆಯದೋ ಕರೆ. ಎಲ್ಲರದೂ ಒಂದೇ ರಾಗ: ಏಳೂವರೆಯ ಧಾರಾವಾಹಿ ಇವತ್ತು ಕನಕಗಿರಿಯಲ್ಲಿ ಬರಬಾರದು. ಹಾಗೆಂದವರಲ್ಲೇ ಇಬ್ಬರು ದನಿ ತಗ್ಗಿಸಿ, ಮರುಪ್ರಸಾರ ನಾಳೆ ಎಷ್ಟು ಗಂಟೆಗೆ ಎಂದೂ ಕೇಳಿದ್ದರು.

ಗಂಡ ತೀರಿಕೊಂಡ ಮೇಲೆ ಊರಿನ ಕೇಬಲ್ಲನ್ನು ಶಿವಲೀಲಾಳೇ ನಡೆಸುತ್ತಿದ್ದಳು. ಕಂಬ ಹತ್ತುವುದು, ವೈರು ಎಳೆಯುವುದು ಮಗ ಹಾಲೇಶನ ಕೆಲಸ. ಫೋನಿನಲ್ಲಿ ಬೈಸಿಕೊಳ್ಳುವುದು ಇವಳದು. ಕ್ರಿಕೆಟ್ ನಡುವೆ ಚಿತ್ರ ನಿಂತಾಗಿನ ಬೈಗುಳಕ್ಕೆ ಅವಳು ಒಗ್ಗಿಹೋಗಿದ್ದಳು. ಆದರೆ ಧಾರಾವಾಹಿಯ ಹುಡುಗನೊಬ್ಬ ತಾಯಿಯ ಮುಂದೆ ಬಾಯಿಬಿಟ್ಟಿದ್ದಕ್ಕೂ ತಾನೇ ಬೈಸಿಕೊಳ್ಳಬೇಕಾದೀತೆಂದು ಅಂದುಕೊಂಡಿರಲಿಲ್ಲ.

ಆ ಹುಡುಗ ಸುಹಾಸ. ದೊಡ್ಡ ಮನೆಯ ಕಿರಿಯ ಮಗ, ಮೂರು ವರ್ಷದಿಂದ ಊರ ಹೆಂಗಸರ ಅಚ್ಚುಮೆಚ್ಚು. ತಾನು ಮನಸ್ಸು ಕೊಟ್ಟಿರುವುದು ಒಬ್ಬ ಹುಡುಗನಿಗೆ ಎಂದು ನಿನ್ನೆ ಸಂಜೆ ಅವನು ತಾಯಿಗೆ ಹೇಳಿದ್ದ. ತಾಯಿಯ ಮುಖವನ್ನು ಮೂರು ಸಲ ಹತ್ತಿರದಿಂದ ತೋರಿಸಿ ಸಂಚಿಕೆ ಮುಗಿಸಿದ್ದರು. ಬೆಳಗಾಗುವುದರೊಳಗೆ ಆ ನಟನ ಫೋಟೋ ಎಲ್ಲರ ಫೋನಿಗೂ ಬಂದಿತ್ತು. ಯಾರದೋ ಮದುವೆಯಲ್ಲಿ ಗೆಳೆಯನೊಬ್ಬನ ಹೆಗಲ ಮೇಲೆ ಕೈಹಾಕಿ ನಿಂತಿದ್ದಾನೆ, ಅಷ್ಟೇ. ನಿಜದಲ್ಲೂ ಅವನು ಹಾಗೆಯೇ ಅಂತೆ, ಅಪ್ಪ ಮನೆ ಬಿಡಿಸಿದ್ದಾನಂತೆ ಎಂದು ಕಣ್ಣಾರೆ ಕಂಡವರ ಹಾಗೆ ಹೇಳುವವರಿಗೆ ಊರಲ್ಲಿ ಬರವಿರಲಿಲ್ಲ.

ವಾರದ ಹಿಂದೆ ಪ್ರೋಮೊ ಬಂದಾಗಲೇ ಚಹಾದಂಗಡಿಯ ಬೆಂಚಿನವರು ಹಾಲೇಶನಿಗೆ ಸುಹಾಸ ಎಂದು ಹೆಸರಿಟ್ಟಿದ್ದರು. ಇಪ್ಪತ್ತಾರಾದರೂ ಎರಡು ಹೆಣ್ಣು ನೋಡಿ ಎರಡನ್ನೂ ಬೇಡವೆಂದವನು. ಅವರಿಗೆ ಅಷ್ಟು ಸಾಕಾಯಿತು. ಅವನು ಕಂಬ ಹತ್ತಿದರೆ ಸಾಕು, ಕೆಳಗಿನಿಂದ "ಏ ಸುಹಾಸಾ" ಎಂಬ ಕೂಗು. ಅವನು ಇಕ್ಕಳವನ್ನು ಬಾಯಲ್ಲಿ ಕಚ್ಚಿಕೊಂಡು ಕಿವಿ ಕೇಳದವನಂತೆ ಕೆಲಸ ಮುಗಿಸಿ ಇಳಿಯುತ್ತಿದ್ದ. ಮನೆಗೆ ಬಂದು ಅರ್ಧ ರೊಟ್ಟಿ ತಿಂದು ಏಳುತ್ತಿದ್ದ.

ಊರಿಗೆ ಇದ್ದದ್ದು ಗುಮಾನಿ. ಶಿವಲೀಲಾಳಿಗೆ ಗೊತ್ತೇ ಇತ್ತು. ಹೋದ ವರ್ಷ ಹಾಲೇಶ ಒಲೆಯ ಮುಂದೆ ಕೂತು, "ಯವ್ವಾ, ನನಗ ಹುಡುಗೇರ ಮ್ಯಾಲೆ ಮನಸ್ಸು ಹೋಗೂದಿಲ್ಲ. ಹುಡುಗರ ಮ್ಯಾಲೆ ಹೋಗ್ತೈತಿ," ಎಂದಿದ್ದ. ಅವಳು ಹಂಚಿನ ಮೇಲಿನ ರೊಟ್ಟಿ ಹೊರಳಿಸಿ, "ರೊಟ್ಟಿ ಆರ್ತಾವ, ಉಣ್ಣು," ಎಂದಿದ್ದಳು. ಆಮೇಲೆ ಅವನೂ ಆ ಮಾತೆತ್ತಲಿಲ್ಲ, ಇವಳೂ ಕೇಳಲಿಲ್ಲ. ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ಮಗನನ್ನು ಕಾಪಾಡಿದಂತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಸಂಜೆ ಆರೂವರೆಗೆ ವಿರೂಪಾಕ್ಷಪ್ಪ ಕೇಬಲ್ ಅಂಗಡಿಗೆ ಖುದ್ದಾಗಿ ಬಂದ. ಸಂತೆಯಲ್ಲಿ ಕಾಳಿನ ದಲಾಲಿ. ಅವನ ಮಾತಿಗೆ ಓಣಿಯ ಅರವತ್ತು ಮನೆ ತಲೆಯಾಡಿಸುತ್ತವೆ. ಕುರ್ಚಿ ಎಳೆದು ಕೂತ.

"ತಂಗಿ, ನಿನ್ನ ಗಂಡ ಇದ್ದಾಗ ಒಂದು ಮಾತಿಗೆ ಚಾನಲ್ ಬಂದ್ ಮಾಡ್ತಿದ್ದ."

"ಆವಾಗ ಚಾನಲ್ಲಿಗೊಂದು ಡಬ್ಬಿ ಇತ್ತಣ್ಣಾರ, ಬ್ಯಾಡಾದದ್ದನ್ನ ಆರಿಸಿದ್ರ ಆಗ್ತಿತ್ತು. ಈಗ ಎಲ್ಲಾ ಡಿಜಿಟಲ್."

"ಹಂಗಾರ ನಮ್ಮ ಓಣಿ ಲೈನ ಅರ್ಧ ತಾಸು ತಗದಬಿಡು. ವೈರು ಹರದೈತಿ ಅಂದ್ರಾತು, ಯಾರು ಕೇಳ್ತಾರ? ಇಂಥಾವನ್ನ ನೋಡಿ ನೋಡಿ ಮನ್ಯಾಗಿನ ಹುಡುಗರೂ ಕೆಡ್ತಾರವ್ವಾ." ಹಾಗೆನ್ನುತ್ತ ಅವನು ಮೂಲೆಯ ಕಡೆ ನೋಡಿದ. ಅಲ್ಲಿ ಹಾಲೇಶ ಯಾರದೋ ಸೆಟ್‌ಟಾಪ್ ಬಾಕ್ಸ್ ಬಿಚ್ಚಿಕೊಂಡು ಕೂತಿದ್ದ.

ಹಾಲೇಶ ಎದ್ದ. ಇಕ್ಕಳ ಕೈಯಲ್ಲೇ ಇತ್ತು. "ನಾ ಹೋಗಿ ತಗದು ಬರ್ತೀನಿ ಬಿಡ್ರಿ ಮಾಮಾ," ಎಂದ. ಮುಖ ನೆಲದ ಕಡೆಗಿತ್ತು.

ಶಿವಲೀಲಾ ಆ ಇಕ್ಕಳವನ್ನು ನೋಡಿದಳು. ತನ್ನ ಬಾಯಿಗೆ ತಾನೇ ಬಟ್ಟೆ ತುರುಕಿಕೊಳ್ಳಲು ಹೊರಟಿದ್ದಾನೆ ಮಗ, ಅದೂ ತಾಯಿಗೆ ತೊಂದರೆಯಾಗದಿರಲಿ ಎಂದು. ಇಡೀ ದಿನ ಡಿಜಿಟಲ್ಲಿನ ಹಿಂದೆ ಅಡಗಿ ಕೂತ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

"ಕುಂದರು ನೀನು," ಎಂದಳು ಮಗನಿಗೆ. ಆಮೇಲೆ ವಿರೂಪಾಕ್ಷಪ್ಪನ ಕಡೆ ತಿರುಗಿದಳು. "ಮುಂಜಾನಿಂದ ಆಗೂದಿಲ್ಲ, ಆಗೂದಿಲ್ಲ ಅಂತ ಎಲ್ಲಾರಿಗೂ ಹೇಳೀನಿ. ನಿಮಗ ಖರೇ ಹೇಳ್ತೀನಿ ಕೇಳ್ರಿ. ಆಗ್ತಿದ್ರೂ ತಗೀತಿದ್ದಿಲ್ಲ. ನಿಮ್ಮ ಓಣಿ ಲೈನೂ ತಗಿಯೂದಿಲ್ಲ."

"ಅರವತ್ತು ಮನಿ ಕೇಬಲ್ ಬಿಟ್ಟು ಡಿಶ್ ಹಾಕಸ್ತಾವ, ನೋಡು."

"ಹಾಕಸ್ಲಿ. ಡಿಶ್ಶಿನಾಗೂ ಅದ ಸುಹಾಸ ಬರ್ತಾನ." ಅವಳ ದನಿ ಏರಲಿಲ್ಲ. "ಆ ಹುಡುಗ ತಾಯಿ ಮುಂದ ಮನಸ್ಸು ಬಿಚ್ಯಾನ. ಆಕಿ ಏನಂತಾಳ, ನಾ ನೋಡಬೇಕಾಗೈತಿ. ನಿಮಗ ಬ್ಯಾಡಾದ್ರ ನಿಮ್ಮ ಕೈಯಾಗ ರಿಮೋಟ್ ಐತಿ."

ವಿರೂಪಾಕ್ಷಪ್ಪ ಚಪ್ಪಲಿ ಮೆಟ್ಟಿ ಹೋದ. ಚಹಾ ಕುಡಿಯದೆ ಆ ಅಂಗಡಿಯಿಂದ ಅವನು ಎದ್ದದ್ದು ಅದೇ ಮೊದಲು.

ಏಳೂವರೆಗೆ ಪಕ್ಕದ ಬಳೆ ಅಂಗಡಿಯ ಹಸನಬೀ ದಿನದಂತೆ ಬಂದು ಟಿವಿ ಎದುರು ಕೂತಳು. ಹಾಲೇಶ ಮೂಲೆ ಬಿಟ್ಟು ಅಲುಗಲಿಲ್ಲ. ಧಾರಾವಾಹಿಯ ತಾಯಿ ಗೋಡೆ ಹಿಡಿದಳು, ತುಟಿ ನಡುಗಿಸಿದಳು, ಕೊನೆಗೆ ಮೂರ್ಛೆ ಬಿದ್ದಳು. ಜಾಹೀರಾತು ಮುಗಿಯುವಷ್ಟರಲ್ಲಿ ಆಸ್ಪತ್ರೆಯಲ್ಲಿದ್ದಳು. ಆಸ್ಪತ್ರೆಯಲ್ಲೇ ಸಂಚಿಕೆ ಮುಗಿಯಿತು.

"ಬಿದ್ದಳೇನು ಹಾಳಾದಾಕಿ," ಎಂದಳು ಶಿವಲೀಲಾ. "ಮಗ ಎದುರಿಗೆ ನಿಂತಾನ, ಒಂದು ಮಾತಾಡಾಕ ಏನಾಗಿತ್ತು?"

"ಆ ಹುಡುಗ ಖರೇವಂದ್ರೂ ಹಂಗ ಅದಾನಂತಲ್ಲ ಯಕ್ಕಾ," ಎಂದಳು ಹಸನಬೀ.

"ಇದ್ರ ಇರ್ಲಿ. ನಿನಗೇನು ಬಾಧಿ?"

"ನನಗೇನಿಲ್ಲ ಬಿಡು. ನಗತಾನಂದ್ರ ಭಾಳ ಛಲೋ ಕಾಣ್ತಾನ," ಎಂದು ಹಸನಬೀ ಸೆರಗು ಕೊಡವಿ ಎದ್ದಳು.

ಅವಳು ಹೋದ ಮೇಲೆ ಶಿವಲೀಲಾ ಟಿವಿಯ ದನಿ ಪೂರ್ತಿ ತಗ್ಗಿಸಿದಳು. "ಹಾಲೇಶಾ, ಅವತ್ತು ನಾನೂ ರೊಟ್ಟಿ ಆರ್ತಾವ ಅಂದ್ನೆಲ್ಲ. ಅದೂ ಮೂರ್ಛಿನ," ಎಂದಳು. "ಈಗ ಎದ್ದೀನಿ. ಹೇಳು, ಯಾರರ ಅದಾರೇನು?"

ಹಾಲೇಶ ಬಹಳ ಹೊತ್ತು ಆ ಬಾಕ್ಸಿನ ಒಂದೇ ತಿರುಪನ್ನು ತಿರುವಿದ. "ಗಿಣಿಗೇರಿ ಫ್ಯಾಕ್ಟರ್‍ಯಾಗ ಒಬ್ಬಾವ ಅದಾನ," ಎಂದ.

"ಉಣ್ಣಾಕ ಕರಕೊಂಡು ಬಾ," ಎಂದಳು.

ಮರುದಿನ ಒಂಬತ್ತೂವರೆಗೆ ವಿರೂಪಾಕ್ಷಪ್ಪನ ಹೆಂಡತಿ ಶೇಖರಮ್ಮನ ಫೋನು. "ಶಿವಲೀಲಾ, ಅವರ ಮಾತು ಕಟಗೊಂಡು ಲೈನ ತಗದಿಯೇನು? ಓಣಿಗೆ ಓಣಿನ ಬಂದ್ ಆಗೇತಿ. ಹತ್ತಕ್ಕ ಮತ್ತ ತೋರಸ್ತಾರ. ಲಗೂನ ಹಾಲೇಶನ್ನ ಕಳಸವ್ವಾ." ಹೋಗಿ ನೋಡಿದರೆ ಮೇವಿನ ಟ್ರ್ಯಾಕ್ಟರ್ ಒಂದು ವೈರನ್ನು ಹರಿದುಕೊಂಡು ಹೋಗಿತ್ತು.

ಏಣಿ ಹಿಡಿಯಲು ಅವತ್ತು ಶಿವಲೀಲಾಳೇ ಬಂದಿದ್ದಳು. ಹಾಲೇಶ ಅರ್ಧ ಹತ್ತಿರಬೇಕು, ಚಹಾದಂಗಡಿಯ ಕಡೆಯಿಂದ ಕೂಗು ಬಂತು: "ಏ ಸುಹಾಸಾ!"

ಹಾಲೇಶ ಬಾಯಿಂದ ಇಕ್ಕಳ ತೆಗೆದ. ತಿರುಗಿ ಬೆಂಚಿನ ಕಡೆ ನೋಡಿದ. "ಓ," ಎಂದ, ಓಣಿಗೆಲ್ಲ ಕೇಳುವಂತೆ. "ಯಾರ್ರೋ ಕರದವರು? ಹೇಳ್ರಿ, ಏನಾಗಬೇಕಾಗಿತ್ತು?"

ಬೆಂಚಿನವರಲ್ಲಿ ಒಬ್ಬ ಖಾಲಿ ಕಪ್ಪನ್ನೇ ಮತ್ತೆ ತುಟಿಗೆ ಇಟ್ಟುಕೊಂಡ.

"ಹತ್ತಕ್ಕ ಐದು ನಿಮಿಷ ಐತಿ," ಎಂದಳು ಶಿವಲೀಲಾ ಕೆಳಗಿನಿಂದ. ಹಾಲೇಶ ಮೇಲೆ ಹತ್ತಿ ವೈರಿನ ಎರಡು ತುದಿ ಕೂಡಿಸಿದ. ಒಂದು ಮನೆಯಿಂದ, ಅದರ ಎದುರು ಮನೆಯಿಂದ, ಆಮೇಲೆ ಓಣಿಯುದ್ದಕ್ಕೂ ಧಾರಾವಾಹಿಯ ಹಾಡು ಕೇಳಿಬಂತು. ಅವನಿನ್ನೂ ಮೇಲೆಯೇ ಇದ್ದ. ಅವಳು ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಿದ್ದಳು.