ಬೆಂಡೆ ಮಡಿಯಲ್ಲಿ ಉಳಿದ ಒಂದು ಗಿಡ

ಗೇಣುದ್ದವೂ ಇಲ್ಲದ ಉಕ್ಕಿನ ಚಿಮುಟ ನಾನು. ಹುಟ್ಟಿದ್ದು ಗರಗಸದ ಸದ್ದಿನ ಒಂದು ಕಾರ್ಖಾನೆಯಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರರು ನನ್ನನ್ನು ಕೊಂಡು, ನಿವೃತ್ತರಾಗುವಾಗ ಶಿಷ್ಯೆ ಡಾ. ವಿಮಲಾ ಹಂಪಿಹೊಳಿಯವರ ಕೈಗಿಟ್ಟರು. ಆ ಕೈಯಲ್ಲೇ ನನ್ನ ಮೂವತ್ತು ವರ್ಷ ಸವೆದವು.

ನಾಳೆ ಅರಳುವ ಬೆಂಡೆ ಮೊಗ್ಗನ್ನು ಇಂದೇ ಸಂಜೆ ಬಿಡಿಸಿ ಅದರ ಗಂಡು ಕೇಸರಗಳನ್ನು ಕೀಳುವುದು ನನ್ನ ಕೆಲಸ. ಬೆಳಿಗ್ಗೆ ಮೇಡಂ ಬೇರೆ ಗಿಡದ ಪರಾಗ ಮುಟ್ಟಿಸುತ್ತಿದ್ದರು. ಎಲೆಯ ನರವೆಲ್ಲ ಹಳದಿಯಾಗುವ ರೋಗಕ್ಕೆ ಬಗ್ಗದ ಬೆಂಡೆ ತಳಿಯೊಂದು ಅವರಿಗೆ ಬೇಕಿತ್ತು. ಅದಕ್ಕಾಗಿ ಮದುವೆ, ಮುಂಜಿ, ಹಬ್ಬ ಎಲ್ಲ ಬಿಟ್ಟರು. ಕರೆಯುವವರೂ ಕರೆದು ಕರೆದು ಸಾಕಾಗಿ ಬಿಟ್ಟರು. ಮಾತಾಡಬೇಕೆನಿಸಿದರೆ ನನ್ನ ಜೊತೆ ಮಾತಾಡುತ್ತಿದ್ದರು, ಪಾಪ.

ನಿವೃತ್ತಿಗೆ ಮೂರು ತಿಂಗಳಿರುವಾಗ ಕೊನೆಯ ಮಡಿಗೂ ರೋಗ ಬಿತ್ತು. ಒಂದು ಸಂಜೆ ಮೇಡಂ ಕೈಚೆಲ್ಲಿ, ಹದಿನೆಂಟು ವರ್ಷದಿಂದ ಹೊಲ ನೋಡಿಕೊಳ್ಳುತ್ತಿದ್ದ ಫಕ್ಕೀರವ್ವನಿಗೆ ಹೇಳಿದರು: "ನಾಳೆ ಎಲ್ಲಾ ಕಿತ್ತ ಆಡಿಗೆ ಹಾಕಿಬಿಡ್ರಿ."

ಫಕ್ಕೀರವ್ವ ಹೊರಟಳು. ಅವಳಿನ್ನೂ ಬೇಲಿ ದಾಟಿರಲಿಲ್ಲ, ಮೇಡಂ ಕೊನೆಯ ಸಾಲಿನಲ್ಲಿ ನಿಂತುಬಿಟ್ಟರು. ಹಳದಿಯ ನಡುವೆ ಒಂದೇ ಒಂದು ಗಿಡ ಹಚ್ಚಹಸಿರು! ಕುಕ್ಕರುಗಾಲಿನಲ್ಲಿ ಕೂತು ಎಲೆ ಮಗುಚಿ ನೋಡಿದರು. ನನ್ನನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದರು: "ಸಿಕ್ತು ನೋಡೋ. ಇದರ ಕಾಯಿ ಬಲಿತು ಬೀಜ ಆದರ ಸಾಕು." ಫಕ್ಕೀರವ್ವನ ಫೋನ್ ನಂಬರು ಅವರ ಬಳಿ ಇರಲಿಲ್ಲ, ಎಂದೂ ಕೇಳಿರಲೂ ಇಲ್ಲ. ಬೆಳಿಗ್ಗೆ ಬೇಗ ಬಂದರಾಯಿತು ಅಂದುಕೊಂಡರು.

ಎಂಟಕ್ಕೆ ಬಂದೆವು. ಬಿಸಿಲಿಗೆ ಹೆದರಿ ಆಳುಗಳು ಆರಕ್ಕೇ ಬಂದಿದ್ದರು. ಮಡಿ ಬೋಳಾಗಿತ್ತು. ಆಡುಗಳು ಕೊನೆಯ ದಂಟು ಅಗಿಯುತ್ತಿದ್ದವು. ಮೇಡಂ ಕೈಯಿಂದ ನಾನು ಜಾರಿ ಬಿದ್ದೆ.

ಶೆಡ್ಡಿನಿಂದ ಫಕ್ಕೀರವ್ವ ನಗುನಗುತ್ತ ಕೂಗಿದಳು: "ಬರ್ರಿ ಮೇಡಮ್ಮಾರ! ಒಂದ ಗಿಡಾ ಹಸರ ಇತ್ರಿ. ಅದರ ಎಳೀ ಕಾಯಿ ಹರದು ನಿಮಗಂತ ಪಲ್ಯಾ ಮಾಡೇನಿ. ದಿನಾ ಒಬ್ಬರ ಉಣ್ತೀರಿ, ಇವತ್ತ ನಮ್ಮ ಕೂಡ ಕುಂದರ್ರಿ."

ಬೈಯುತ್ತಾರೆ ಅಂದುಕೊಂಡೆ. ಮೇಡಂ ಕೂತರು. ರೊಟ್ಟಿ ಮುರಿದು ಪಲ್ಯ ತಿಂದರು.

"ಹೆಂಗಾಗೇತ್ರಿ?"

"ಚಲೋ ಆಗೇತಿ ಫಕ್ಕೀರವ್ವ. ಇನ್ನಷ್ಟ ಹಾಕು."

ಆಮೇಲೆ ತಮ್ಮ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಯಾರಿಗೂ ಹೇಳಲಿಲ್ಲ. ಬೀಳ್ಕೊಡುಗೆಯ ದಿನ ಫಕ್ಕೀರವ್ವ, "ಮೇಡಮ್ಮಾರು ನನ್ನ ಪಲ್ಯಾ ಎರಡ ಸಲ ಹಾಕಿಸ್ಕೊಂಡ್ರು" ಎಂದು ಹೆಮ್ಮೆಯಿಂದ ಹೇಳಿದಾಗ ಎಲ್ಲರ ಜೊತೆ ಅವರೂ ಚಪ್ಪಾಳೆ ತಟ್ಟಿದರು.

ಈಗ ನಾನು ಅವರ ಹಳೆಯ ಮೇಜಿನ ಡ್ರಾಯರಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಆ ಸಂಜೆಯದೇ ಯೋಚನೆ. ಮೇಡಂ ಒಂದು ಕೂಗು ಹಾಕಿದ್ದರೆ ಫಕ್ಕೀರವ್ವ ತಿರುಗಿ ಬರುತ್ತಿದ್ದಳು. ಅಯ್ಯೋ, ಆ ಪುಣ್ಯಾತ್ಗಿತ್ತಿ ಅವಳನ್ನು ಕೂಗದೆ ಬಾಯಿಲ್ಲದ ನನಗೆ ಹೇಳಿದರಲ್ಲ!